ಉಗ್ರಾಣವೆಂದು ಬರೆದ ಬಾಗಿಲು

ಎಂಟರ ಕೆಳಗಿನ ಸುತ್ತನ್ನು ಕೊರೆಯುತ್ತಿದ್ದಾಗ ಅಮ್ಮನ ದನಿ ಕೇಳಿಸಿತು. ಯಾರದೋ ಹೊಸ ಮನೆಯ ಗಡಿಯಾರಕ್ಕೆಂದು ದುಂಡಗೆ ಕತ್ತರಿಸಿದ ತೇಗದ ಹಲಗೆ ಅದು. ಅಂಕಿಗಳಲ್ಲೆಲ್ಲ ಎಂಟು ಮಹಾ ಹಟಮಾರಿ. ಒಂದು, ನಾಲ್ಕು, ಏಳು ಇವೆಲ್ಲ ಹೇಳಿದ ಮಾತು ಕೇಳುವ ಮಕ್ಕಳು, ಉಳಿ ಇಟ್ಟ ಕಡೆ ನೆಟ್ಟಗೆ ನಡೆಯುತ್ತವೆ. ಎಂಟರ ಸೊಂಟಕ್ಕೆ ಬಂದಾಗ ಮಾತ್ರ ಉಳಿ ಮರದ ಎಳೆಗೆ ಅಡ್ಡವಾಗಿ ತಿರುಗಲೇಬೇಕು, ಅಲ್ಲಿ ಕೈ ಚೂರು ಅವಸರಪಟ್ಟರೂ ಸಿಬಿರೆದ್ದು ಇಡೀ ಹಲಗೆ ಒಲೆಗೆ. ಅವನು ಉಳಿಯನ್ನು ಎತ್ತದೆ, ಒತ್ತದೆ, ಇದ್ದಲ್ಲೇ ಹಿಡಿದು ಕಿವಿಗೊಟ್ಟ. ಶೆಡ್ಡಿನಿಂದ ನೋಡಿದರೆ ಸಣ್ಣ ಅಂಗಳ, ಅಂಗಳದಾಚೆ ಮನೆಯ ಮುಂಬಾಗಿಲು. ಬಾಗಿಲು ಮುಚ್ಚಿತ್ತು. ಅದರ ಒಳಬದಿಗೆ ಮುಖವಿಟ್ಟು ಅಮ್ಮ ಮಾತಾಡುತ್ತಿದ್ದಳು.

“ಮಗಾ, ಒಳಗೆ ಗಾಳಿ ಆಡುತ್ತೇನೋ?”

“ಆಡುತ್ತಮ್ಮ.”

“ಉಗ್ರಾಣದಲ್ಲಿ ಕೂತು ಕೂತು ಕಣ್ಣು ಹಾಳು ಮಾಡ್ಕೋಬೇಡ. ದೀಪ ಹಾಕ್ಕೋ.”

“ಹಾಕ್ಕೊಂಡಿದ್ದೀನಮ್ಮ.”

ಬೆಳಗಿನ ಬಿಸಿಲು ಅವನ ಕತ್ತಿನ ಮೇಲೆ, ಕೈಯ ಮೇಲೆ, ಅರ್ಧ ಕೊರೆದ ಎಂಟರ ಮೇಲೆ ಧಾರಾಳವಾಗಿ ಸುರಿಯುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸುಲಭವಾಗಿ ಸುಳ್ಳು ಬಾಯಿಂದ ಬಂದಿತ್ತು. ಮೊದಮೊದಲು ಹೀಗಿರಲಿಲ್ಲ, ಉತ್ತರ ಕೊಡುವ ಮುಂಚೆ ಏನೋ ಗೊಣಗಿ ಉಳಿ ಮಸೆಯುವ ನೆಪ ಮಾಡುತ್ತಿದ್ದ. ಈಗ ಮಾತು ತಾನೇ ತಾನಾಗಿ ಬರುತ್ತದೆ, ಆಮೇಲೆ ಎದೆಯ ಮೂಲೆಯಲ್ಲಿ ಏನೋ ಸಿಬಿರು ಚುಚ್ಚಿಕೊಂಡು ಉಳಿಯುತ್ತದೆ, ಅಷ್ಟೆ. ಆ ಬಾಗಿಲಿನ ಒಳಮೈಗೆ, ಅಮ್ಮನ ಕಣ್ಣಿನ ಎತ್ತರಕ್ಕೆ ಸರಿಯಾಗಿ, ಅವನೇ ಕೊರೆದು ತಿರುಪು ಬಿಗಿದ ಫಲಕವೊಂದಿತ್ತು. ಅದರ ಮೇಲೆ ಇದ್ದದ್ದು ಒಂದೇ ಪದ: ಉಗ್ರಾಣ.

ಮೊದಲು ಕೊರೆದ ಫಲಕಗಳೆಲ್ಲ ನಿಜವನ್ನೇ ಹೇಳುತ್ತಿದ್ದವು. ಅಮ್ಮನಿಗೆ ಊಟ ಮಾಡಿದ್ದು ಮರೆಯುತ್ತಿತ್ತು, ಸೊಸೆ ಯಾರೆಂಬುದು ಮರೆಯುತ್ತಿತ್ತು, ಗಂಡ ತೀರಿಕೊಂಡದ್ದು ಮರೆತು ಮತ್ತೆ ಮತ್ತೆ ಹೊಸದಾಗಿ ಕೇಳಿ ಹೊಸದಾಗಿ ಅಳುವಂತಾಗುತ್ತಿತ್ತು. ಅಕ್ಷರ ಮಾತ್ರ ಮರೆತಿರಲಿಲ್ಲ. ಜೀವಮಾನವೆಲ್ಲ ಒಂದನೇ ತರಗತಿಗೆ ಪಾಠ ಹೇಳಿದವಳು, ಅವನ ಕೈ ಹಿಡಿದೂ ಅ ಆ ತಿದ್ದಿಸಿದವಳು. ಬಿಸ್ಕತ್ತಿನ ಪೊಟ್ಟಣ, ಔಷಧಿಯ ಬಾಟಲಿ, ಹಾಲಿನ ಚೀಲ, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಓದಿ, ಓದಿದ್ದಕ್ಕೆ ತಲೆಯಾಡಿಸುತ್ತಿದ್ದಳು. ಅದನ್ನು ಮೊದಲು ಗಮನಿಸಿದ್ದು ಅವನ ಹೆಂಡತಿ. “ರೀ, ನಿಮ್ಮ ಕೈಯಲ್ಲಿರೋ ವಿದ್ಯೆ ಊರಿಗೆಲ್ಲ ಬೇಕು, ನಮ್ಮ ಮನೆಗೆ ಬೇಡ್ವಾ?” ಎಂದಿದ್ದಳು, ಅಮ್ಮ ಬಚ್ಚಲೆಂದುಕೊಂಡು ಬೀರುವಿನ ಬಾಗಿಲು ತೆರೆದು ನಿಂತ ದಿನ. ಅವನು ಬಚ್ಚಲು, ಅಡುಗೆಮನೆ, ಅಮ್ಮನ ಕೋಣೆ ಎಂದು ದಪ್ಪ ಅಕ್ಷರಗಳಲ್ಲಿ ಕೊರೆದು, ಬಚ್ಚಲಿನದರ ಕೆಳಗೆ ಸಣ್ಣ ಚೊಂಬು, ಅಡುಗೆಮನೆಯದರ ಕೆಳಗೆ ಸೌಟು ಬಿಡಿಸಿ ಬಾಗಿಲುಗಳಿಗೆ ಹಾಕಿದ. ಅಮ್ಮ ಒಂದೊಂದರ ಮುಂದೂ ನಿಂತು ಓದಿ, ಒಳಗೆ ಹೋಗಿ, ಬರೆದದ್ದು ನಿಜವೆಂದು ಕಂಡುಕೊಂಡು ಬಂದಳು. ಬರೆದದ್ದು ನಿಜವಾಗಿರುತ್ತದೆ ಎಂಬ ಒಂದು ಹಗ್ಗವನ್ನು ಹಿಡಿದುಕೊಂಡೇ ಆ ಮನೆಯಲ್ಲಿ ಮತ್ತೆ ಓಡಾಡತೊಡಗಿದಳು. ಅವನಿಗೆ ಆಗ ತಾನು ಒಳ್ಳೆಯ ಮಗನೆನಿಸಿತ್ತು. ಬಂದ ಗಿರಾಕಿಗಳನ್ನು ಬೇಕೆಂದೇ ಒಳಗೆ ಕರೆದು ತೋರಿಸಿದ್ದ.

ಅವನು ಉಳಿಯನ್ನು ಕೆಳಗಿಟ್ಟು ಎಂಟರ ಗೆರೆಯೊಳಗಿನ ಪುಡಿಯನ್ನು ಊದಿದ. ಒಳಗೆ ಸದ್ದಿಲ್ಲ. ಸದ್ದಿಲ್ಲದ ಹೊತ್ತೇ ಹೆಚ್ಚು ಹಿಂಸೆ. ಅಮ್ಮ ಮನೆಯಿಂದ ಹೊರಬಿದ್ದ ದಿನವೂ ಹೀಗೇ ಸದ್ದಿರಲಿಲ್ಲ, ಅವಳು ಮಲಗಿದ್ದಾಳೆಂದು ಇವನು ಹೆಸರಿನ ಫಲಕವೊಂದಕ್ಕೆ ವಾರ್ನಿಶ್ ಬಳಿಯುತ್ತಿದ್ದ, ಯಾರೋ ಹೆಂಗಸು ಅಮ್ಮನ ರಟ್ಟೆ ಹಿಡಿದುಕೊಂಡು ಗೇಟು ತಳ್ಳಿಕೊಂಡು ಬಂದಳು. ಬರಿಗಾಲಲ್ಲಿ ದೊಡ್ಡ ರಸ್ತೆಯ ನಡುವೆ ನಿಂತು ಬಸ್ಸುಗಳ ಮೇಲಿನ ಬೋರ್ಡು ಓದುತ್ತಿದ್ದಳಂತೆ, ಡ್ರೈವರುಗಳು ಬಯ್ಯುತ್ತಿದ್ದರಂತೆ. “ಇವರು ನಿಮ್ಮೋರಾ? ಮನೇಲಿ ನೋಡ್ಕೊಳ್ಳೋರು ಅಂತ ಯಾರೂ ಇಲ್ವಾ?” ಎಂದು ಆಕೆ ಕೇಳಿದಾಗ ಅವನ ಕೈಯಲ್ಲಿ ಕುಂಚವಿತ್ತು, ತಲೆತುಂಬ ಮರದ ಪುಡಿ. ಇದ್ದೀನಲ್ಲ ಎಂದ. ಆ ಮಾತು ಹೊರಬಿದ್ದ ರೀತಿಗೆ ಅವನಿಗೇ ನಾಚಿಕೆಯಾಯಿತು. ಮಾರನೆಯ ದಿನ ಬೀಗ ಹಾಕಿ ನೋಡಿದ. ಅಮ್ಮ ಅಂಗೈ ಬಾತುಕೊಳ್ಳುವ ತನಕ ಬಾಗಿಲು ಬಡಿದಳು. ಪಕ್ಕದ ಮನೆಯವರು ಕಿಟಕಿಯಲ್ಲಿ ಕಾಣಿಸಿಕೊಂಡರು. ಹೆಂಡತಿ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬರುವುದು ಸಂಜೆಗೆ. ಅವನು ಶೆಡ್ಡಿನಲ್ಲಿ ಕೂರದಿದ್ದರೆ ಮನೆ ನಡೆಯುವುದಿಲ್ಲ. ಇವೆಲ್ಲ ನಿಜವೇ. ಈ ನಿಜಗಳನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿ ಅವನು ಎಷ್ಟು ಸಲ ತನ್ನನ್ನು ತಾನೇ ಬಿಡಿಸಿಕೊಂಡಿದ್ದನೋ.

ಬಿಡಿಸಿಕೊಳ್ಳಲಾಗದ್ದು ಬೀಗದ ಬದಲು ಹಾಕಿದ ಆ ಪದ. ಗೋಡೆ ಎಂದು ಬರೆದಿದ್ದರೆ ಅಮ್ಮನೂ ನಗುತ್ತಿದ್ದಳು. ಬೀರು ಎಂದಿದ್ದರೆ ತೆರೆದು ನೋಡುತ್ತಿದ್ದಳು. ಅವಳು ತೆರೆಯದೇ ಇರುವಂಥ ಪದ ಯಾವುದೆಂದು ಅವನು ಯೋಚಿಸಿದ್ದ, ಹಲಗೆ ಆರಿಸುವಷ್ಟೇ ತಣ್ಣಗೆ. ಚಿಕ್ಕವನಿದ್ದಾಗ ಮಲಗಿಸುತ್ತ ಅಮ್ಮ ಹೇಳುತ್ತಿದ್ದ ಕತೆ ಆಗ ನೆನಪಾಗಿತ್ತು: ಅವಳ ಅಜ್ಜಿ ಉಗ್ರಾಣದ ಬೀಗದ ಕೈ ಸೊಂಟದಲ್ಲೇ ಇಟ್ಟುಕೊಂಡಿರುತ್ತಿದ್ದದ್ದು, ಒಂದು ದಿನ ಬಾಗಿಲು ತೆರೆದಿದ್ದಾಗ ಇವಳು ಬೆಲ್ಲಕ್ಕೆಂದು ಒಳಗೆ ನುಗ್ಗಿದ್ದು, ಅಜ್ಜಿ ಹೊರಗಿನಿಂದ ಚಿಲಕ ಹಾಕಿ ಹೊತ್ತು ಮುಳುಗುವ ತನಕ ತೆಗೆಯದೇ ಇದ್ದದ್ದು. “ಅಲ್ಲಿಂದ ಮುಂದೆ ಉಗ್ರಾಣ ಅಂದ್ರೆ ಸಾಕು, ನಾನು ಎರಡು ಮಾರು ದೂರ” ಎಂದು ಅಮ್ಮ ನಗುತ್ತಿದ್ದಳು, ಅವನೂ ನಗುತ್ತಿದ್ದ, ನಗುತ್ತ ನಿದ್ದೆ ಹೋಗುತ್ತಿದ್ದ. ಅವಳು ಮುದ್ದಿನಿಂದ ಕೈಗಿಟ್ಟ ಕತೆಯನ್ನೇ ಅವನು ಅವಳ ದಾರಿಗೆ ಅಡ್ಡ ಹಾಕಿದ್ದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದಲ್ಲದೆ ಮತ್ತೇನು? ಸಾಲದ್ದಕ್ಕೆ ಆ ಫಲಕಕ್ಕೆ ಮಾಡಿದ ಶೃಂಗಾರ! ಯಾವುದಕ್ಕೂ ಬಳಸಲು ಮನಸ್ಸು ಬಾರದೆ ಎತ್ತಿಟ್ಟಿದ್ದ ಗಂಟಿಲ್ಲದ ಹಲಗೆಯನ್ನೇ ತೆಗೆದಿದ್ದ. ಸುತ್ತ ಬಳ್ಳಿ, ಬಳ್ಳಿಗೆ ಎಲೆ, ಎಲೆಗೆ ನರ. ಉಕಾರದ ಬಾಲವನ್ನು ಬಳ್ಳಿಯೊಳಗೇ ಸೇರಿಸಿದ್ದ. ಸುಳ್ಳು ನಂಬಿಕೆಯಾಗಬೇಕಾದರೆ ಚೆಂದವಾಗಿರಬೇಕೆಂದು ಕೈಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದಕ್ಕೇ ಗೊತ್ತಿತ್ತು. ಎಷ್ಟೋ ಮನೆಗಳಿಗೆ ‘ನೆಮ್ಮದಿ’ ಎಂದು ಕೊರೆದುಕೊಟ್ಟಿದ್ದ, ಗೇಟಿನ ಅಳತೆ ತೆಗೆಯುವಾಗಲೇ ಒಳಗೆ ಗಂಡಹೆಂಡಿರು ಪಾತ್ರೆ ಎಸೆದಾಡುವ ಸದ್ದು ಕೇಳಿಸಿದ್ದರೂ. ಬರೆಯೋನಿಗೇನು, ಬರೆಸೋನಿಗಿರಬೇಕು ಎಂದು ಆಗ ಹೆಂಡತಿಗೆ ಹೇಳಿ ನಗಿಸಿದ್ದ. ಈ ಸಲ ಬರೆದವನೂ ಅವನೇ, ಬರೆಸಿದವನೂ ಅವನೇ.

ಗೇಟು ಕಿರುಗುಟ್ಟಿತು. ತಂಗಿ. ಬರುತ್ತೇನೆಂದು ಹೇಳಿರಲಿಲ್ಲ. ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಬಿಚ್ಚಿದ ಕೊಡೆ. ಶೆಡ್ಡಿನ ಕಡೆ ನೋಡದೆ ನೇರ ಹೋಗಿ ಬಾಗಿಲು ಬಡಿದಳು. ಅವನು ಕರೆಯಬೇಕಿತ್ತು. ಕರೆಯಲೆಂದು ಬಾಯಿ ತೆರೆದದ್ದೂ ನಿಜ. ಆದರೆ ಮುಂದೇನಾಗುತ್ತದೆಂದು ನೋಡುವ ಯಾವುದೋ ಕೆಟ್ಟ ಕುತೂಹಲ ಅವನನ್ನು ಸ್ಟೂಲಿಗೆ ಅಂಟಿಸಿಬಿಟ್ಟಿತು.

“ಅಮ್ಮಾ, ನಾನು. ಬಾಗಿಲು ತೆಗಿ.”

ಒಳಗಿನಿಂದ ಅಮ್ಮನ ದನಿ, ತೀರ ಸಣ್ಣದಾಗಿ: “ಯಾರು ಅಲ್ಲಿ?”

“ನಾನಮ್ಮ, ನಿನ್ನ ಮಗಳು.”

“ಅಯ್ಯೋ ನನ್ನವ್ವ, ನಿನ್ನನ್ನ ಯಾರು ಕೂಡಿಹಾಕಿದ್ರೇ?”

ತಂಗಿ ನಗುತ್ತ ಮತ್ತೆ ಬಡಿದಳು. “ಯಾರೂ ಕೂಡಿಹಾಕಿಲ್ಲ. ಬಿಸಿಲಲ್ಲಿ ನಿಂತಿದ್ದೀನಿ, ತೆಗಿಯಮ್ಮ.”

“ಬೆಲ್ಲ ತಿಂದ್ಯಾ? ತಿಂದಿದ್ರೂ ಇಲ್ಲ ಅನ್ನು. ಅಳಬೇಡ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ.” ಅಮ್ಮನ ದನಿ ಒಡೆಯಿತು. “ತೆಗೆಯೋಕೆ ನನಗೆ ಅಪ್ಪಣೆ ಇಲ್ಲ ಕಣೇ.”

ಅವನು ಎದ್ದ. ಅಂಗಳ ದಾಟುವಷ್ಟರಲ್ಲಿ ತಂಗಿ ಇವನತ್ತ ತಿರುಗಿದ್ದಳು, ನಗು ಮುಖದ ಮೇಲೇ ಇದ್ದರೂ ಕಣ್ಣು ನಗುತ್ತಿರಲಿಲ್ಲ. ಅವನು ಹಿಡಿ ತಿರುಗಿಸಿ ಬಾಗಿಲು ತಳ್ಳಿದ. ಬೀಗವಿರಲಿಲ್ಲ, ಫಲಕ ಹಾಕಿದ ಮೇಲೆ ಎಂದೂ ಇರುತ್ತಿರಲಿಲ್ಲ, ಒಂದು ಮಗು ಕೂಡ ತೆರೆಯಬಹುದಾದ ಬಾಗಿಲು. ಅಮ್ಮ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮಗಳನ್ನು ಕಂಡವಳೇ ಎರಡು ಕೈಯಲ್ಲೂ ಮುಖ ಸವರಿ, ಕೂದಲಿನ ಧೂಳು ಕೊಡವಿ, “ಕತ್ತಲಲ್ಲಿ ಹೆದರಿದ್ಯಾ? ಹಸಿವಾಯ್ತಾ? ನನಗೆ ಕೇಳಿಸ್ತಿತ್ತು ಕಣೇ, ಕೇಳಿಸ್ಲಿಲ್ಲ ಅಂತ ಅಂದ್ಕೋಬೇಡ” ಎಂದು ಒಂದೇ ಸಮನೆ ಹೇಳತೊಡಗಿದಳು. ತಂಗಿ ಅಮ್ಮನ ಹೆಗಲ ಮೇಲಿಂದ ಬಾಗಿಲಿನ ಒಳಮೈ ನೋಡಿದಳು. ಓದಿದಳು. ಅವನು ಅವಳ ತುಟಿಗಳನ್ನೇ ನೋಡುತ್ತ ನಿಂತ. ಅವಳು ಕೂಗಾಡಲಿ, ಎಂಥ ಮನುಷ್ಯನೋ ನೀನು ಎನ್ನಲಿ, ಅಮ್ಮನನ್ನು ಈಗಲೇ ಕರೆದುಕೊಂಡು ಹೊರಡಲಿ. ಅದಕ್ಕೆ ಕೊಡಬೇಕಾದ ಉತ್ತರಗಳೆಲ್ಲ ಅವನ ಬಳಿ ಸಿದ್ಧವಾಗಿದ್ದವು. ಬಯ್ಗುಳ ತಿಂದರೆ ಅರ್ಧ ಹಗುರಾಗುತ್ತದೆ ಎಂಬ ಲೆಕ್ಕವೂ ಒಳಗೆಲ್ಲೋ ಇತ್ತು.

ಅಮ್ಮ ಹಣ್ಣು ತೊಳೆಯಲು ‘ಅಡುಗೆಮನೆ’ ಎಂದು ಓದಿಕೊಂಡು ಒಳಗೆ ಹೋದ ಮೇಲೆ ತಂಗಿ ಮೆಲ್ಲಗೆ ಕೇಳಿದಳು, “ಕೆಲಸ ಮಾಡುತ್ತಾ ಇದು?”

“ಮಾಡುತ್ತೆ.”

“ಒಂದು ಸಲಾನೂ ತೆಗೆದಿಲ್ವಾ?”

“ಇಲ್ಲ.”

“ಒಳ್ಳೆ ತಲೆ ಓಡಿಸಿದ್ದೀಯ ಬಿಡು.” ಅವಳು ಫಲಕದ ಬಳ್ಳಿಯ ಮೇಲೆ ಬೆರಳಾಡಿಸಿದಳು. “ನಮ್ಮನೇಲಿದ್ದಾಗ ನಾನು ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಿದ್ದೆ. ನಿನಗೆ ಹೇಳಿರಲಿಲ್ಲ. ಬಡೀತಾಳೆ ಅಂತ ರೇಡಿಯೋ ಜೋರಾಗಿ ಇಟ್ಟು ಹೋಗ್ತಿದ್ದೆ.” ಬೆರಳನ್ನು ಬಳ್ಳಿಯ ಮೇಲಿಂದ ತೆಗೆಯದೆ, “ಅಣ್ಣ, ನನಗೂ ಒಂದು ಮಾಡಿಕೊಡು. ಮುಂದಿನ ತಿಂಗಳು ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಲ್ಲ. ಇಷ್ಟು ಬಳ್ಳಿಗಿಳ್ಳಿ ಬೇಡ, ಅಕ್ಷರ ದಪ್ಪಗಿದ್ರೆ ಸಾಕು.”

ಅವನು ಆಗಲಿ ಎಂದ. ಅಳತೆ ಕೇಳಿದ ಕೂಡ. ಅಮ್ಮನ ಕಣ್ಣಿನ ಎತ್ತರ ನಿನಗೆ ಗೊತ್ತಲ್ಲ ಎಂದಳು ತಂಗಿ. ಹಣ್ಣು ತಿಂದು, ಅಮ್ಮನ ಉಗುರು ಕತ್ತರಿಸಿ, ತಲೆ ಬಾಚಿ, ಹೊರಡುವಾಗ ಅಣ್ಣನ ಕೈಯನ್ನು ಒಂದು ಕ್ಷಣ ಅದುಮಿ ಹಿಡಿದಳು. ಎಷ್ಟೋ ವರ್ಷಗಳಿಂದ ಅವಳು ಅವನ ಕೈ ಹಿಡಿದಿರಲಿಲ್ಲ. ಚಿಕ್ಕವರಿದ್ದಾಗ ಇಬ್ಬರೂ ಸೇರಿ ಏನಾದರೂ ಒಡೆದು ಹಾಕಿ ಸಂದಿಯಲ್ಲಿ ಅಡಗಿದಾಗ ಹೀಗೇ ಹಿಡಿಯುತ್ತಿದ್ದಳು. ಅವಳು ಹೊರಗೆ ಹೆಜ್ಜೆಯಿಟ್ಟು ಬಾಗಿಲೆಳೆದುಕೊಳ್ಳುವಾಗ ಅಮ್ಮ, “ಮತ್ತೆ ಅದರೊಳಗೇ ಹೋಗ್ತಿದ್ದೀಯಲ್ಲೇ” ಎಂದಳು. ತಂಗಿ ನಿಲ್ಲಲಿಲ್ಲ.

ಶೆಡ್ಡಿಗೆ ಬಂದು ಅವನು ಎಂಟನ್ನು ಪಕ್ಕಕ್ಕೆ ಸರಿಸಿ ತಂಗಿಗೆಂದು ಒಂದು ಹಲಗೆ ತೆಗೆದ. ಕೆಲಸವನ್ನು ಬೇಗ ಮುಗಿಸಿಬಿಟ್ಟರೆ ಬೇಗ ಮರೆಯಬಹುದು. ಉಪ್ಪುಕಾಗದ ತಿಕ್ಕಿ, ಕಾರ್ಬನ್ ಹಾಳೆ ಇಟ್ಟು, ಮೊದಲ ಫಲಕಕ್ಕೆ ಬಳಸಿದ್ದ ನಮೂನೆಯನ್ನೇ ಮೇಲಿಟ್ಟು ಪೆನ್ಸಿಲ್ಲಿನಿಂದ ಗೆರೆಯ ಮೇಲೆ ಹೊರಟ. ಉ ಆಯಿತು. ಗ ಆಯಿತು. ಗಕಾರದ ಕೆಳಗೆ ರಕಾರದ ಒತ್ತು ಬರೆಯುವಾಗ ಹಿಂದಿನಿಂದ ಯಾರೋ ಬಗ್ಗಿ ತನ್ನ ಮುಷ್ಟಿಯ ಮೇಲೆ ಕೈಯಿಟ್ಟಂತಾಯಿತು. ಸೀಮೆಸುಣ್ಣದ ವಾಸನೆ, ಕಿವಿಯ ಹತ್ತಿರ ಬಿಸಿ ಉಸಿರು: ಒತ್ತು ಅಂದ್ರೆ ಅಕ್ಷರದ ಕೂಸು, ತಾಯಿ ಕಾಲಿಗೆ ಅಂಟಿಕೊಂಡಿರಬೇಕು, ದೂರ ಹೋಗಬಾರದು. ಅವನು ತಿರುಗಿ ನೋಡಿದ. ಗೋಡೆಗೆ ನೇತುಹಾಕಿದ ಗರಗಸಗಳಷ್ಟೇ ಇದ್ದವು. ಪೆನ್ಸಿಲ್ಲು ಮುಂದೆ ಹೋಗಲಿಲ್ಲ. ಒಂದು ಫಲಕವಾದರೆ ಗತಿಗೆಟ್ಟು ಮಾಡಿದ್ದು ಎನ್ನಬಹುದು. ಎರಡನೆಯದಕ್ಕೆ ನಮೂನೆ ಇಟ್ಟು ತಿದ್ದಿದರೆ ಅದು ಕಸುಬು. ನಾಳೆ ತಂಗಿಯ ಪಕ್ಕದ ಮನೆಯವರು ಕೇಳುತ್ತಾರೆ, ಅವರ ಮನೆಯಲ್ಲೂ ಒಬ್ಬರು ಮುದುಕರಿರುತ್ತಾರೆ. ನೀನು ದೊಡ್ಡ ಉಪಕಾರ ಮಾಡಿದ್ದೀಯಪ್ಪ ಎನ್ನುತ್ತಾರೆ. ತಂಗಿ ತನ್ನ ಕೈ ಹಿಡಿದದ್ದು ನೆನಪಾಗಿ ಅವನು ಅಂಗೈಯನ್ನು ತೊಡೆಗೆ ಒರೆಸಿಕೊಂಡ.

ಊಟದ ಹೊತ್ತು ಮೀರಿತ್ತು. ಹೆಂಡತಿ ಬೆಳಿಗ್ಗೆಯೇ ತಟ್ಟೆಯಲ್ಲಿ ಮುಚ್ಚಿಟ್ಟು ಹೋದದ್ದನ್ನು ಅಮ್ಮ ತಿಂದಿದ್ದಾಳೋ ಇಲ್ಲವೋ ಎಂದು ಅವನು ಹೋಗಿ ಬಾಗಿಲು ತಳ್ಳಿದ. ಬಾಗಿಲು ಅರ್ಧ ತೆರೆದು ಏನಕ್ಕೋ ತಡೆಯಿತು. ಹೊಸಿಲಿನ ಸಂದಿಯಲ್ಲಿ ಮೆತ್ತಗಿನದೇನೋ ಕಾಲಿಗೆ ಸಿಕ್ಕಿತು. ಬಗ್ಗಿ ನೋಡಿದರೆ ಬ್ರೆಡ್ಡಿನ ಚೂರುಗಳು. ಬಾಗಿಲಿನ ಅಡಿಯಿಂದ ಆಚೆಗೆ ದಾಟಿಸಲು ಒಂದೊಂದನ್ನೂ ಅಂಗೈಯಲ್ಲಿ ಚಪ್ಪಟೆ ಮಾಡಿ ತಳ್ಳಿದ್ದಳು; ಕೆಲವು ಪೂರ್ತಿ ದಾಟಿದ್ದವು, ಕೆಲವು ಸಂದಿಯಲ್ಲೇ ಸಿಕ್ಕಿ ಪುಡಿಯಾಗಿದ್ದವು, ಆಗಲೇ ಇರುವೆ ಹತ್ತಿತ್ತು. ಬಾಗಿಲಿಗೆ ತಡೆಯಾದದ್ದು ನೀರಿನ ಲೋಟ. ಅದು ಸಂದಿಯಲ್ಲಿ ತೂರದೆಂದು ಗೊತ್ತಾದ ಮೇಲೆ ಏನು ಮಾಡುವುದೆಂದು ತೋಚದೆ ಅಮ್ಮ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಿದ್ದಳು. ಅವಳ ತಟ್ಟೆ ಖಾಲಿಯಾಗಿತ್ತು.

“ನೀನು ಬಂದ್ಯಾ?” ಎಂದಳು. “ಅವಳಿಗೆ ಸಿಕ್ತಾ? ಒಳಗೆ ಇನ್ನೂ ಯಾರ್ಯಾರು ಇದ್ದಾರೋ?”

“ನೀನು ಏನಾದ್ರೂ ತಿಂದ್ಯಾಮ್ಮ?”

“ನಾನು ಹೊರಗೇ ಇದ್ದೀನಲ್ಲ, ನನಗೇನು. ಒಳಗಿರೋರದ್ದು ಹೇಳು.”

ಅವನು ಶೆಡ್ಡಿಗೆ ಓಡಿಹೋಗಿ ಸ್ಕ್ರೂಡ್ರೈವರ್ ತಂದ. ಓಡುವ ಅವಶ್ಯಕತೆ ಏನೂ ಇರಲಿಲ್ಲ. ತಿರುಪುಗಳನ್ನು ಎಷ್ಟು ಬಿಗಿಯಾಗಿ ಕೂರಿಸಿದ್ದನೆಂದರೆ ಮೊದಲನೆಯದು ಅಲುಗಲು ಮೈಭಾರವನ್ನೆಲ್ಲ ಹಾಕಬೇಕಾಯಿತು. ಅಮ್ಮ ಗೋಡೆ ಹಿಡಿದು ಎದ್ದು ಬಂದಳು. “ಯಾಕೋ ಕೀಳ್ತಿದ್ದೀಯ? ಬಯ್ತಾರೆ ಕಣೋ.”

“ತಪ್ಪು ಬರೆದಿದ್ದೀನಮ್ಮ.”

“ಎಲ್ಲಿ? ಕೊಡಿಲ್ಲಿ.” ಪಾಠ ಹೇಳುವ ಆ ದನಿ ಎಲ್ಲಿತ್ತೋ ಇಷ್ಟು ದಿನ. ಅವನು ಕೊನೆಯ ತಿರುಪನ್ನು ಬಿಚ್ಚಿ ಫಲಕವನ್ನು ಅವಳ ಕೈಗಿಟ್ಟ, ಕೈಗಿಟ್ಟು ಅವಳೆದುರು ನಿಂತುಕೊಂಡ. ಅವನ ತಲೆಕೂದಲು ನೆರೆತಿತ್ತು, ಆದರೂ ಹಾಗೆ ನಿಲ್ಲುವುದು ಮೈಗೆ ಮರೆತಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕೂತು ಫಲಕವನ್ನು ತೊಡೆಯ ಮೇಲಿಟ್ಟು, ತೋರುಬೆರಳನ್ನು ಕೊರೆದ ಗೆರೆಯೊಳಗೆ ಇಳಿಸಿ, ಎಲ್ಲೂ ಎತ್ತದೆ ಒಂದೊಂದೇ ಅಕ್ಷರ ತಿದ್ದಿದಳು. ಒತ್ತಿನ ಬಳಿ ನಿಂತು ನೋಡಿ ಮುಂದೆ ಹೋದಳು. ದೀರ್ಘ ನೋಡಿದಳು. ಣಕಾರದ ಹೊಟ್ಟೆಯೊಳಗೆ ಬೆರಳು ತಿರುಗಿಸಿ ಹೊರಬಂದಳು. ಅವನು ಕಾಯುತ್ತಿದ್ದ. ಎಲ್ಲಿಯಾದರೂ ಒಂದು ಕಡೆ ಅವಳ ಬೆರಳು ತಡೆದು ನಿಂತು, ಇದೇನಿದು, ಇದು ಉಗ್ರಾಣವಲ್ಲವಲ್ಲೋ ಎಂದುಬಿಟ್ಟರೆ ಕಾಲು ಹಿಡಿದುಕೊಳ್ಳಲು ಸಿದ್ಧನಾಗಿದ್ದ.

“ಎಲ್ಲಿ ತಪ್ಪಿದೆಯೋ?” ಅಮ್ಮ ತಲೆಯೆತ್ತಿದಳು. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ತಿಳಿ. “ಒತ್ತು ಸರಿಯಾಗಿದೆ. ಣಕಾರಕ್ಕೆ ನಕಾರ ಬರೆದಿಲ್ಲ. ಒಂದೂ ತಪ್ಪಿಲ್ಲ. ನೀನು ಚಿಕ್ಕಂದಿನಿಂದ ಹೀಗೇ, ಸರಿ ಬರೆದು ಸುಮ್ಮನೆ ಹೆದರ್ತೀಯ.” ಅವನ ಕೆನ್ನೆ ತಟ್ಟಿದಳು. ಆ ಕೈ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ.

ಅವನು ಬಾಗಿಲನ್ನು ಗೋಡೆಗೆ ತಾಗುವಷ್ಟು ಪೂರ್ತಿ ತೆರೆದ. ಇಳಿಬಿಸಿಲು ಹೊಸಿಲು ದಾಟಿ ಅಮ್ಮನ ಕಾಲ ತನಕ ಬಂತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಹೊರಗೆ ನೋಡಿದಳು.

“ಯಾರೋ ಉಗ್ರಾಣದ ದೀಪ ಆರಿಸೋದು ಮರೆತಿದ್ದಾರೆ.”

“ಉಗ್ರಾಣ ಅಲ್ಲಮ್ಮ ಅದು. ರಸ್ತೆ. ಬಾ, ಸುತ್ತಾಡಿಕೊಂಡು ಬರೋಣ.”

ಅವಳು ತೊಡೆಯ ಮೇಲಿನ ಫಲಕ ನೋಡಿದಳು, ಮಗನನ್ನು ನೋಡಿದಳು. ಎರಡರಲ್ಲಿ ಯಾವುದನ್ನು ನಂಬುವುದೆಂದು ಅವಳಿಗೆ ಅನುಮಾನವೇ ಬರಲಿಲ್ಲ. “ನನಗೆ ಅಪ್ಪಣೆ ಇಲ್ಲಪ್ಪ” ಎಂದಳು.

ಅವನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಹೊರಗೆ ಸೈಕಲ್ಲಿನ ಬೆಲ್ಲು, ಯಾರೋ ಯಾರನ್ನೋ ಕರೆಯುವ ದನಿ. ನಿಜವನ್ನು ಹೇಗೆ ಬರೆದರೂ ಇನ್ನು ಅವಳು ಓದಲಾರಳು. ಅವಳನ್ನು ಆ ಸುಳ್ಳಿನಿಂದಾಚೆ ತರುವುದಕ್ಕೂ ಸುಳ್ಳಿನದೇ ಭಾಷೆ ಬೇಕು. “ನಿನ್ನ ಅಜ್ಜಿ ಹೇಳಿದ್ದಾಳೆ” ಎಂದ. “ನನ್ನ ಜೊತೆ ಹೋಗಬಹುದಂತೆ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಅಮ್ಮ ಫಲಕವನ್ನು ಕುರ್ಚಿಯ ಮೇಲೆ ಜೋಪಾನವಾಗಿಟ್ಟು ಎದ್ದಳು. ಅವನು ಚಪ್ಪಲಿ ಹಾಕಿಸಿದ. ಹೊಸಿಲು ದಾಟುವಾಗ ಅವಳು ತಲೆ ತಗ್ಗಿಸಿದಳು, ಚೌಕಟ್ಟು ಅವಳಿಗಿಂತ ಎಷ್ಟೋ ಎತ್ತರವಿದ್ದರೂ. ಅಂಗಳದಲ್ಲಿ ಉಟ್ಟ ಬಟ್ಟೆಯ ಅಂಚನ್ನು ಎತ್ತಿ ಹಿಡಿದುಕೊಂಡಳು. ಗೇಟಿನಾಚೆ ರಸ್ತೆಯಲ್ಲಿ ಎರಡು ಕಡೆಯ ಮನೆಗಳ ನೆರಳು ಬಿದ್ದಿತ್ತು. ನೆರಳಿನ ನಡುವಿನ ಬಿಸಿಲ ಪಟ್ಟೆಯಲ್ಲಿ ಅವಳು ಒಂದು ಕೈಯನ್ನು ಮುಂದೆ ಚಾಚಿ, ಕಾಣದ ಚೀಲಗಳಿಗೆ ಮೈ ತಾಗದಂತೆ ಓರೆಯಾಗಿ, ಉಸಿರು ಬಿಗಿಹಿಡಿದು ನಡೆದಳು. ಎದುರು ಮನೆಯವನು ಗಿಡಕ್ಕೆ ನೀರು ಹಾಕುತ್ತಿದ್ದವನು ಪೈಪು ಕೆಳಗೆ ಬಿಟ್ಟು ನೋಡುತ್ತ ನಿಂತ. ಆತ ನೋಡುತ್ತಿರುವುದು ಮಗನಿಗೆ ಗೊತ್ತಾಯಿತು, ಕಿವಿ ಬಿಸಿಯಾಯಿತು. ಆದರೂ ಅಮ್ಮನ ಮಣಿಕಟ್ಟನ್ನು ಬಿಡಲಿಲ್ಲ.

“ಮೆಲ್ಲಗೆ,” ಅಮ್ಮ ಪಿಸುಗುಟ್ಟಿದಳು, ಖಾಲಿ ರಸ್ತೆಯನ್ನು ತೋರಿಸುತ್ತ. “ಅಲ್ಲಿ ಎಣ್ಣೆ ಡಬ್ಬಿ ಇದೆ. ಕಾಲಿಗೆ ಸಿಕ್ಕೀತು.”

ಅವನು ಕಾಲನ್ನು ಎತ್ತಿ, ಅದನ್ನು ದಾಟಿದ.